ಸೆವೆನ್ಸ್ ತಂಡದ ತಯಾರಿಗೆ ವಿಶ್ವಕಪ್ ಶಿಬಿರದ ಪಾಠ

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಮಂದಿಯ ಫುಟ್‌ಬಾಲ್, ಪಂದ್ಯಾಟಕ್ಕೆ ತಂಡ ಕಟ್ಟುವವರು, ರಾಷ್ಟ್ರೀಯ ತಂಡವೊಂದು ವಿಶ್ವಕಪ್‌ಗೆ ಹೇಗೆ ಅಣಿಯಾಗುತ್ತದೆ ಎಂಬುದನ್ನು ಗಮನಿಸುವುದು ಒಳ್ಳೆಯದು. 2022ರ ನವೆಂಬರ್ 20ರಂದು ಕತಾರ್ ವಿಶ್ವಕಪ್ ಆರಂಭವಾಗುವ ಹೊತ್ತಿಗೆ, ಯುರೋಪಿನ ದೊಡ್ಡ ಲೀಗುಗಳ ಆಟಗಾರರು ತರಬೇತುದಾರರ ಕೈಗೆ ಸಿಕ್ಕಿದ್ದು ಸುಮಾರು ಒಂದು ವಾರ ಮಾತ್ರ. ಇಷ್ಟು ಕಡಿಮೆ ಸಮಯದಲ್ಲಿ ಹೊಸ ಆಟ ಕಲಿಸಲು ಹೋಗದೆ ಕಾರ್ನರ್, ಫ್ರೀ ಕಿಕ್ ಮತ್ತು ಪೆನಾಲ್ಟಿಗಳನ್ನೇ ತಿದ್ದಬೇಕು.

ನಮ್ಮಲ್ಲಿ ಮೊದಲ ಶತ್ರು ಸೆಕೆ. ದೇಹ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕಾಗುವುದರಿಂದ, ಅಭ್ಯಾಸವನ್ನು ಮುಂಜಾನೆ ಅರ್ಧ ಗಂಟೆಯಿಂದ ಆರಂಭಿಸಿ, ದಿನ ಕಳೆದಂತೆ ಪಂದ್ಯ ನಡೆಯುವ ಹೊತ್ತಿಗೇ ತಂದು ನಿಲ್ಲಿಸಬೇಕು. ಕುಡಿಯಲು ಬೊಂಡವೂ (ಎಳನೀರು) ಉಪ್ಪು ಬೆರೆಸಿದ ಗಂಜಿ ತಿಳಿಯೂ ಸಾಕು. ಬಣ್ಣದ ಬಾಟಲಿಗಳಿಗೆ ಹಣ ಸುರಿಯುವುದು ನನಗಂತೂ ಅನಗತ್ಯವೆನಿಸುತ್ತದೆ.

ಕೊನೆಯ ನಾಲ್ಕೈದು ದಿನ ಅಭ್ಯಾಸದ ಅವಧಿಯನ್ನು ಕಡಿತಗೊಳಿಸಬೇಕೇ ಹೊರತು ವೇಗವನ್ನಲ್ಲ.

ಕತಾರ್‌ನ ಫೈನಲ್ ಹೆಚ್ಚುವರಿ ಅವಧಿಯ ಬಳಿಕವೂ 3–3ರಲ್ಲಿ ನಿಂತು, ಅರ್ಜೆಂಟೀನಾ ಪೆನಾಲ್ಟಿಯಲ್ಲಿ 4–2ರಿಂದ ಗೆದ್ದಿತು. ಆದ್ದರಿಂದ ಕಾಲು ಸೋತ ಮೇಲೆಯೇ ಪೆನಾಲ್ಟಿ ಹೊಡೆಸಿರಿ: ಉಳಿದವರು ನಡುಗೆರೆಯಲ್ಲಿ ಸಾಲಾಗಿ ನಿಲ್ಲಲಿ, ಹೊಡೆಯುವವನು ಒಬ್ಬನೇ ನಡೆದು ಬಂದು, ಚೆಂಡನ್ನು ತಾನೇ ಇಟ್ಟು, ಸೀಟಿಗಾಗಿ ಕಾಯಲಿ. ಗದ್ದೆಯ ಕೂಳೆ ಚೆಂಡನ್ನು ಓರೆ ಮಾಡುವುದರಿಂದ, ಇಡುವ ಜಾಗವನ್ನು ಅಂಗೈಯಿಂದ ಸವರಿ ನೋಡುವ ಅಭ್ಯಾಸವನ್ನೂ ಅವನಿಗೆ ಮಾಡಿಸಿರಿ.