ಫ್ಲೋ ಸೈಟೋಮೆಟ್ರಿಯಲ್ಲಿ ಮೈಲೋಪೆರಾಕ್ಸಿಡೇಸ್ ಕಿಣ್ವವನ್ನು ಗುರುತಿಸುವ ಕ್ರಮ

ತೀವ್ರ ಲ್ಯೂಕೇಮಿಯ ಇರಬಹುದೆಂಬ ಶಂಕೆಯಿಂದ ರೋಗಿಯೊಬ್ಬರ ಅಸ್ಥಿಮಜ್ಜೆಯ ಮಾದರಿ ಪ್ರಯೋಗಾಲಯಕ್ಕೆ ಬಂದರೆ, ಅದರಲ್ಲಿ ತುಂಬಿಕೊಂಡಿರುವ ಬ್ಲಾಸ್ಟ್ ಕೋಶಗಳು (ಇನ್ನೂ ಪಕ್ವವಾಗದ ಎಳೆಯ ರಕ್ತಕೋಶಗಳು) ನ್ಯೂಟ್ರೋಫಿಲ್, ಮಾನೋಸೈಟ್‌ಗಳಾಗುವ ಮೈಲಾಯ್ಡ್ ವಂಶದವೋ ಲಿಂಫೋಸೈಟ್‌ಗಳಾಗುವ ಲಿಂಫಾಯ್ಡ್ ವಂಶದವೋ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ. ಎರಡಕ್ಕೂ ಕೊಡುವ ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ಇಲ್ಲಿ ತಪ್ಪಿದರೆ ಮುಂದಿನ ಹೆಜ್ಜೆಗಳೆಲ್ಲ ದಾರಿ ತಪ್ಪುತ್ತವೆ. ಈ ತೀರ್ಮಾನಕ್ಕೆ ಅತ್ಯಂತ ಬಲವಾದ ಆಧಾರಗಳಲ್ಲಿ ಒಂದು ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಪ್ರಾಥಮಿಕ ಕಣಿಕೆಗಳಲ್ಲಿ ಕೂಡಿಟ್ಟಿರುವ ಈ ಕಿಣ್ವವು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕ್ಲೋರೈಡ್‌ಗಳಿಂದ ಹೈಪೋಕ್ಲೋರಸ್ ಆಮ್ಲವನ್ನು ತಯಾರಿಸಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಕೀವಿಗೆ ಹಸಿರು ಛಾಯೆ ಬರುವುದೂ ಇದರಿಂದಲೇ. ಇದನ್ನು ಕೀವಿನಿಂದ ಬೇರ್ಪಡಿಸಿ ವರ್ಣಿಸಿದ ಷೆಲ್ ಆಗ್ನರ್ ಅವರ ಕೆಲಸವೂ, ಪ್ರತಿಕಾಯಕ್ಕೆ ಪ್ರತಿದೀಪ್ತ ಬಣ್ಣವನ್ನು ಜೋಡಿಸಿ ತೋರಿಸಿದ ಆಲ್ಬರ್ಟ್ ಕೂನ್ಸ್ ಅವರ ಕೆಲಸವೂ 1941ರಲ್ಲೇ ಪ್ರಕಟವಾದವು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ, ಏಕೆಂದರೆ ಇಲ್ಲಿ ವಿವರಿಸುವ ಫ್ಲೋ ಸೈಟೋಮೆಟ್ರಿ ವಿಧಾನ (ಪ್ರತಿದೀಪ್ತ ಪ್ರತಿಕಾಯ ಅಂಟಿಸಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಹೊಳಪು ಅಳೆಯುವುದು) ಆ ಎರಡು ಎಳೆಗಳನ್ನೂ ಹೆಣೆದುಕೊಂಡು ನಿಂತಿದೆ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತು ಸ್ಪಷ್ಟವಾಗಿರಬೇಕು. ಪ್ರತಿಕಾಯವು ಕಿಣ್ವದ ಪ್ರೋಟೀನನ್ನು ಗುರುತಿಸುತ್ತದೆಯೇ ಹೊರತು ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನಲ್ಲ. ಗಾಜಿನ ಪಟ್ಟಿಯ ಮೇಲೆ ಮಾಡುವ ಹಳೆಯ ಸೈಟೋಕೆಮಿಸ್ಟ್ರಿ ಪರೀಕ್ಷೆ ಕಿಣ್ವದ ಕ್ರಿಯೆಯನ್ನು ನೋಡುತ್ತದೆ, ಅಲ್ಲಿ ಶೇ 3ರಷ್ಟು ಬ್ಲಾಸ್ಟ್‌ಗಳು ಬಣ್ಣ ಹಿಡಿದರೆ ಸಾಕು. ಫ್ಲೋ ಸೈಟೋಮೆಟ್ರಿ ನೋಡುವುದು ಪ್ರೋಟೀನಿನ ಇರವನ್ನು. ಆದ್ದರಿಂದ ಎರಡರ ಫಲಿತಾಂಶಗಳು ಹೊಂದದೇ ಇದ್ದರೆ ಒಂದು ತಪ್ಪೆಂದು ತಕ್ಷಣ ಹೇಳಲಾಗದು. ಇನ್ನೂ ಪಕ್ವವಾಗದ, ಕ್ರಿಯೆಯಿಲ್ಲದ ಕಿಣ್ವವನ್ನೂ ಪ್ರತಿಕಾಯ ಹಿಡಿಯಬಲ್ಲದು.

ಮಾದರಿಯನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಅಥವಾ ಹೆಪಾರಿನ್ ಇರುವ ಕೊಳವೆಯಲ್ಲಿ ಪಡೆದು ಸಾಧ್ಯವಾದಷ್ಟೂ 24 ಗಂಟೆಗಳೊಳಗೆ ಸಂಸ್ಕರಿಸಬೇಕು. ಈ ನಿಯಮವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ದೂರದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮಾದರಿಯೊಂದು ನಮ್ಮ ಕೈಸೇರುವ ಹೊತ್ತಿಗೆ ಎರಡು ದಿನ ಹಳೆಯದಾಗಿತ್ತು. ತೆರೆಯ ಮೇಲೆ ನೋಡಿದರೆ ಬ್ಲಾಸ್ಟ್‌ಗಳು ಮಾತ್ರವಲ್ಲ, ಮೈಲೋಪೆರಾಕ್ಸಿಡೇಸ್ ಇರಲೇಬಾರದ ಲಿಂಫೋಸೈಟ್‌ಗಳ ಗುಂಪೂ ಅರ್ಧ ದಶಕಮಾನದಷ್ಟು ಬಲಕ್ಕೆ, ಅಂದರೆ ಸುಮಾರು ಮೂರು ಪಟ್ಟು ಹೆಚ್ಚು ಹೊಳಪಿನ ಕಡೆಗೆ, ಸರಿದು ನಿಂತಿತ್ತು. ಬಿಸಿಲಿಗೆ ಬಳಲಿದ ನ್ಯೂಟ್ರೋಫಿಲ್‌ಗಳಿಂದ ಸೋರಿದ ಕಿಣ್ವವು, ತನ್ನ ಪ್ರಬಲ ಧನಾವೇಶದಿಂದಾಗಿ, ನೆರೆಯ ಕೋಶಗಳಿಗೆ ಅಂಟಿಕೊಂಡಿತ್ತೆಂದು ನಾವು ಊಹಿಸಿದೆವು. ಹೊಸ ಮಾದರಿ ತರಿಸಿ ಮತ್ತೆ ಮಾಡಿದಾಗ ಲಿಂಫೋಸೈಟ್‌ಗಳು ತಮ್ಮ ಜಾಗಕ್ಕೆ ಮರಳಿದವು, ಬ್ಲಾಸ್ಟ್‌ಗಳೂ ಅವುಗಳ ಜೊತೆಗೇ ಮರಳಿದವು. ಮೊದಲ ಚಿತ್ರವನ್ನು ನಂಬಿದ್ದರೆ ಲಿಂಫಾಯ್ಡ್ ಕಾಯಿಲೆಗೆ ಮೈಲಾಯ್ಡ್ ಎಂಬ ಹಣೆಪಟ್ಟಿ ಅಂಟುತ್ತಿತ್ತು. ಅಂದಿನಿಂದ ಬ್ಲಾಸ್ಟ್‌ಗಳನ್ನು ನೋಡುವ ಮೊದಲು ಅದೇ ಕೊಳವೆಯಲ್ಲಿರುವ ನೆರೆಕೋಶಗಳನ್ನು ನೋಡುವುದು ನನ್ನ ಕಟ್ಟುನಿಟ್ಟಿನ ಪದ್ಧತಿಯಾಗಿದೆ.

ಪ್ರತಿಕಾಯಕ್ಕೆ ಯಾವ ಬಣ್ಣ ಜೋಡಿಸಿರಬೇಕು ಎಂಬುದು ಮುಂದಿನ ಆಯ್ಕೆ. ಎಫ್‌ಐಟಿಸಿ ಎಂಬ ಬಣ್ಣ ಬಹಳ ಚಿಕ್ಕ ಅಣು, ಅದರ ತೂಕ 400 ಡಾಲ್ಟನ್‌ಗಿಂತ ಕಡಿಮೆ. 488 ನ್ಯಾನೋಮೀಟರ್ ಲೇಸರ್ ಬಿದ್ದಾಗ 520ರ ಆಸುಪಾಸಿನಲ್ಲಿ ಹಸಿರಾಗಿ ಬೆಳಗುತ್ತದೆ. ಪಿಇ (ಫೈಕೋಎರಿಥ್ರಿನ್) ಎಂಬ ಬಣ್ಣ ಅದಕ್ಕಿಂತ ಬಹಳ ಪ್ರಖರ, ಆದರೆ ಸುಮಾರು 2,40,000 ಡಾಲ್ಟನ್ ತೂಗುವ ಪ್ರೋಟೀನು, ಅಂದರೆ ತಾನು ಅಂಟಿಕೊಂಡ ಪ್ರತಿಕಾಯಕ್ಕಿಂತಲೂ ದೊಡ್ಡದು. ಕೋಶದೊಳಗೆ ನುಗ್ಗಬೇಕಾದ ಪ್ರತಿಕಾಯಕ್ಕೆ ಇಷ್ಟು ದೊಡ್ಡ ಹೊರೆ ಹೊರಿಸುವುದು ಎಲ್ಲ ಸಂದರ್ಭಗಳಲ್ಲೂ ಜಾಣತನವಲ್ಲ. ಮೈಲೋಪೆರಾಕ್ಸಿಡೇಸ್ ನ್ಯೂಟ್ರೋಫಿಲ್‌ನಲ್ಲಿ ಧಾರಾಳವಾಗಿರುವುದರಿಂದ ಎಫ್‌ಐಟಿಸಿಯೇ ಸಾಮಾನ್ಯವಾಗಿ ಸಾಕಾಗುತ್ತದೆ. ಯೂರೋಫ್ಲೋ ಒಕ್ಕೂಟವು ತೀವ್ರ ಲ್ಯೂಕೇಮಿಯದ ಮೊದಲ ಶೋಧನೆಗೆಂದು ರೂಪಿಸಿದ ಎಂಟು ಬಣ್ಣಗಳ ಕೊಳವೆಯಲ್ಲಿಯೂ ಈ ಕಿಣ್ವಕ್ಕೆ ಎಫ್‌ಐಟಿಸಿಯನ್ನೇ ಇಟ್ಟಿದ್ದಾರೆ. ಬಣ್ಣ ಜೋಡಿಸಿದ ಪ್ರತಿಕಾಯಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳಕು ತಾಗದಂತೆ ಇಡಬೇಕು. ಪಿಇ ಇರುವುದನ್ನು ಎಂದಿಗೂ ಹೆಪ್ಪುಗಟ್ಟಿಸಬಾರದು. ತಯಾರಕರು ಹೇಳಿದ ಪ್ರಮಾಣವನ್ನು ಆರಂಭದ ಅಂದಾಜೆಂದು ಭಾವಿಸಿ, ಹೊಸ ಬಾಟಲಿ ಬಂದಾಗಲೆಲ್ಲ ಅರ್ಧರ್ಧ ಇಳಿಸುತ್ತ ಐದಾರು ಪ್ರಮಾಣಗಳಲ್ಲಿ ಆರೋಗ್ಯವಂತರ ರಕ್ತದ ಮೇಲೆ ಪರೀಕ್ಷಿಸಿ, ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್‌ಗಳ ನಡುವೆ ಅತಿ ಹೆಚ್ಚು ಅಂತರ ಕೊಡುವ ಪ್ರಮಾಣವನ್ನು ಆರಿಸಿಕೊಳ್ಳಬೇಕು. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂಬ ಭಾವನೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಹೆಚ್ಚಾದ ಪ್ರತಿಕಾಯ ಸಿಕ್ಕಸಿಕ್ಕಲ್ಲಿ ಅಂಟಿ ಹಿನ್ನೆಲೆಯನ್ನೇ ಎತ್ತರಿಸುತ್ತದೆ.

ಈಗ ಕ್ರಮ. ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ ಕೋಣೆಯ ಉಷ್ಣತೆಯಲ್ಲಿ ಹತ್ತು ನಿಮಿಷ ಇಟ್ಟು ಕೆಂಪು ರಕ್ತಕಣಗಳನ್ನು ಒಡೆದು, 300 ಜಿ (ಗುರುತ್ವದ 300 ಪಟ್ಟು) ಬಲದಲ್ಲಿ ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ತೊಳೆಯಬೇಕು. ಕೊಳವೆಯೊಂದಕ್ಕೆ 100 ಮೈಕ್ರೋಲೀಟರ್‌ನಲ್ಲಿ ಸುಮಾರು ಹತ್ತು ಲಕ್ಷ ಕೋಶಗಳಿರಲಿ. ಸತ್ತ ಕೋಶಗಳು ಪ್ರತಿಕಾಯವನ್ನು ಸ್ಪಂಜಿನಂತೆ ಹೀರಿಕೊಳ್ಳುವುದರಿಂದ ಫಾರ್ಮಾಲ್ಡಿಹೈಡ್ ತಾಳಿಕೊಳ್ಳುವ ಜೀವಂತಿಕೆಯ ಬಣ್ಣವನ್ನು ಈ ಹಂತದಲ್ಲೇ, ಪ್ರೋಟೀನ್ ಇಲ್ಲದ ಬಫರ್‌ನಲ್ಲಿ ಹಾಕಬೇಕು. ಆ ಬಣ್ಣ ಅಮೈನ್ ಗುಂಪುಗಳಿಗೆ ಅಂಟುವಂಥದ್ದಾದ್ದರಿಂದ ಬಫರ್‌ನಲ್ಲಿ ಆಲ್ಬುಮಿನ್ ಇದ್ದರೆ ಅಲ್ಲೇ ಖರ್ಚಾಗಿಬಿಡುತ್ತದೆ. ಆಮೇಲೆ ಮಾನವ ಐಜಿಜಿ ಪ್ರತಿಕಾಯವನ್ನು ಹಾಕಿ ಹತ್ತು ನಿಮಿಷ ಬಿಟ್ಟರೆ, ಪ್ರತಿಕಾಯಗಳನ್ನು ಬಾಲದಿಂದ ಹಿಡಿದುಕೊಳ್ಳುವ ಮಾನೋಸೈಟ್‌ಗಳ ಎಫ್‌ಸಿ ಗ್ರಾಹಕಗಳು ಮುಚ್ಚಿಹೋಗುತ್ತವೆ. ಸಿಡಿ45, ಸಿಡಿ34, ಸಿಡಿ19 ಮೊದಲಾದ ಹೊರಮೈ ಗುರುತುಗಳಿಗೆ ಪ್ರತಿಕಾಯಗಳನ್ನು ಹಾಕಿ ಕತ್ತಲಲ್ಲಿ 15ರಿಂದ 20 ನಿಮಿಷ ಇಟ್ಟು ತೊಳೆಯಬೇಕು. ಹೊರಮೈ ಕೆಲಸ ಮುಗಿಯದೆ ಒಳಗಿನದಕ್ಕೆ ಹೋಗಬಾರದು, ಏಕೆಂದರೆ ಫಾರ್ಮಾಲ್ಡಿಹೈಡ್ ಹೊರಮೈಯ ಕೆಲವು ಗುರುತುಗಳ ಆಕಾರವನ್ನೇ ಕೆಡಿಸುತ್ತದೆ.

ನಂತರ ಶೇ 2ರಿಂದ 4ರ ಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ ಕೋಶಗಳನ್ನು ಸ್ಥಿರೀಕರಿಸಿ ತೊಳೆಯಬೇಕು. ಈ ಕೆಲಸ ಹೊಗೆ ಹೀರುವ ಕಪಾಟಿನೊಳಗೇ ನಡೆಯಲಿ. ಸ್ಥಿರೀಕರಿಸಿದ ಕೋಶಗಳು ಮೊದಲಿನಂತೆ ಸುಲಭವಾಗಿ ತಳಕ್ಕಿಳಿಯುವುದಿಲ್ಲವಾದ್ದರಿಂದ ಇಲ್ಲಿಂದ ಮುಂದೆ ಸೆಂಟ್ರಿಫ್ಯೂಜನ್ನು 500 ಜಿಗೆ ಏರಿಸಬೇಕು. ತಳದಲ್ಲಿ ಕೂತ ಬಿಳಿಯ ಪದರವೂ ಸಡಿಲವಾಗಿರುತ್ತದೆ: ಕೊಳವೆಯನ್ನು ಒಂದೇ ಸಲ ನಿಧಾನವಾಗಿ ಬಾಗಿಸಿ ದ್ರವ ಚೆಲ್ಲಿ, ಬಾಗಿಸಿದ ಸ್ಥಿತಿಯಲ್ಲೇ ಬಾಯಂಚನ್ನು ಟಿಶ್ಯೂ ಕಾಗದಕ್ಕೆ ತಾಗಿಸಿ, ಆಮೇಲೆ ನೆಟ್ಟಗೆ ನಿಲ್ಲಿಸಬೇಕು. ಕೊನೆಯ ಹನಿಗಾಗಿ ಎರಡನೇ ಸಲ ಕೊಡವಿದರೆ ಆ ಹನಿಯ ಜೊತೆ ಅರ್ಧದಷ್ಟು ಕೋಶಗಳೂ ಹೋಗುತ್ತವೆ.

ಪೊರೆಯಲ್ಲಿ ರಂಧ್ರ ಮಾಡಲು ಶೇ 0.1ರಿಂದ 0.5ರ ಸಪೋನಿನ್ ಸಾಕು. ಸಪೋನಿನ್ ಪೊರೆಯ ಕೊಲೆಸ್ಟರಾಲ್ ಜೊತೆ ಸೇರಿ ರಂಧ್ರ ಮಾಡುತ್ತದೆ, ಆದರೆ ಅದನ್ನು ತೊಳೆದುಬಿಟ್ಟರೆ ಆ ರಂಧ್ರಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ: ಸಪೋನಿನ್ ಹಾಕಿ, ತೊಳೆದು, ಸಾದಾ ಬಫರ್‌ನಲ್ಲಿ ಪ್ರತಿಕಾಯ ಹಾಕುತ್ತಾರೆ, ಬಾಗಿಲು ಮುಚ್ಚಿದ ಮೇಲೆ ಅತಿಥಿಯನ್ನು ಕರೆದಂತಾಗುತ್ತದೆ. ಪ್ರತಿಕಾಯ ಹಾಕಿ ಕತ್ತಲಲ್ಲಿಡುವ 20ರಿಂದ 30 ನಿಮಿಷವೂ, ಅದರ ನಂತರದ ತೊಳೆತವೂ ಸಪೋನಿನ್ ಇರುವ ಬಫರ್‌ನಲ್ಲೇ ಆಗಬೇಕು, ಇಲ್ಲವಾದರೆ ಅಂಟದೆ ಉಳಿದ ಪ್ರತಿಕಾಯ ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಲವು ಗುರಿಗಳಿಗೆ ತಣ್ಣನೆಯ ಮೆಥನಾಲ್ ಬಳಸುವುದುಂಟು, ಆದರೆ ಅದು ಪಿಇ, ಎಪಿಸಿಯಂಥ ಪ್ರೋಟೀನು ಬಣ್ಣಗಳನ್ನು ಹಾಳುಮಾಡುವುದರಿಂದ ಅವುಗಳಿರುವ ಹೊರಮೈ ಪ್ರತಿಕಾಯಗಳನ್ನು ಮೊದಲೇ ಹಾಕಿದ್ದರೆ ಮೆಥನಾಲ್ ಮುಟ್ಟಬಾರದು. ಸಿದ್ಧವಾದ ಕೊಳವೆಯನ್ನು ಅದೇ ದಿನ ಯಂತ್ರಕ್ಕೆ ಕೊಡುವುದು ಒಳ್ಳೆಯದು.

ಯಂತ್ರದಲ್ಲಿ ಪ್ರತಿ ಬಣ್ಣಕ್ಕೂ ಒಂಟಿ ಬಣ್ಣದ ಕೊಳವೆ ಓಡಿಸಿ ಕಾಂಪೆನ್ಸೇಷನ್ (ಒಂದು ಬಣ್ಣದ ಬೆಳಕು ಇನ್ನೊಂದರ ಅಳತೆಗೆ ಸೋರುವುದನ್ನು ಕಳೆಯುವ ಲೆಕ್ಕ) ಹೊಂದಿಸಿದ ಮೇಲೆ, ಜೋಡಿಯಾಗಿ ಅಂಟಿದ ಕೋಶಗಳನ್ನೂ ಸತ್ತವುಗಳನ್ನೂ ಹೊರಗಿಟ್ಟು, ಸಿಡಿ45 ಮತ್ತು ಪಕ್ಕಕ್ಕೆ ಚದುರುವ ಬೆಳಕಿನ ನಕ್ಷೆಯಲ್ಲಿ ಗುಂಪುಗಳನ್ನು ಬೇರ್ಪಡಿಸಬೇಕು. ಲಿಂಫೋಸೈಟ್‌ಗಳಲ್ಲಿ ಸಿಡಿ45 ಪ್ರಖರ, ಬ್ಲಾಸ್ಟ್‌ಗಳಲ್ಲಿ ಸಾಮಾನ್ಯವಾಗಿ ಮಂದ. ನ್ಯೂಟ್ರೋಫಿಲ್‌ಗಳು ಕಣಿಕೆಗಳಿಂದಾಗಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಮೊದಲು ನ್ಯೂಟ್ರೋಫಿಲ್‌ಗಳ ಹೊಳಪು ನೋಡಿ, ಆಮೇಲೆ ಲಿಂಫೋಸೈಟ್‌ಗಳದ್ದು. ಒಂದು ಹೌದೆನ್ನುವುದಕ್ಕೆ ಒರೆಗಲ್ಲು, ಇನ್ನೊಂದು ಅಲ್ಲವೆನ್ನುವುದಕ್ಕೆ. ಬೇರೆ ಕೊಳವೆಯಲ್ಲಿ ಹಾಕಿದ ಐಸೋಟೈಪ್ ನಿಯಂತ್ರಣಕ್ಕಿಂತ (ಕೋಶದಲ್ಲಿ ಯಾವ ಗುರಿಯೂ ಇಲ್ಲದ, ಅದೇ ಬಗೆಯ ಪ್ರತಿಕಾಯ) ಇವನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಬ್ಲಾಸ್ಟ್‌ಗಳು ಅನುಭವಿಸಿದ ಫಾರ್ಮಾಲ್ಡಿಹೈಡ್, ಸಪೋನಿನ್, ತೊಳೆತ ಎಲ್ಲವನ್ನೂ ಇವೂ ಅನುಭವಿಸಿರುತ್ತವೆ. ನ್ಯೂಟ್ರೋಫಿಲ್‌ಗಳೇ ಬೆಳಗದಿದ್ದರೆ ಪೊರೆಯಲ್ಲಿ ರಂಧ್ರವಾಗಿಲ್ಲ ಎಂದು ಮೊದಲು ಶಂಕಿಸಿ, ಆರೋಗ್ಯವಂತರ ರಕ್ತದ ಜೊತೆ ಮತ್ತೆ ಮಾಡಬೇಕು. ಆಗಲೂ ಈ ರೋಗಿಯವು ಮಾತ್ರ ಕತ್ತಲಾಗಿಯೇ ಉಳಿದರೆ ಹುಟ್ಟಿನಿಂದ ಬಂದ ಮೈಲೋಪೆರಾಕ್ಸಿಡೇಸ್ ಕೊರತೆಯನ್ನೂ ನೆನಪಿಗೆ ತಂದುಕೊಳ್ಳಬೇಕು.

ಇದೇ ಕ್ರಮ ಬೇರೆ ಕಿಣ್ವಗಳಿಗೂ ಸಣ್ಣ ಬದಲಾವಣೆಗಳೊಂದಿಗೆ ಒದಗುತ್ತದೆ. ಲಿಂಫೋಬ್ಲಾಸ್ಟ್‌ಗಳ ಟಿಡಿಟಿ ಎಂಬ ಕಿಣ್ವ ಕೋಶಕೇಂದ್ರದೊಳಗೆ ಇರುವುದರಿಂದ ಅದಕ್ಕೆ ಕೇಂದ್ರದ ಪೊರೆಯನ್ನೂ ದಾಟಿಸುವ ದ್ರಾವಣ ಬೇಕು. ಸಿಡಿ10, ಸಿಡಿ13, ಸಿಡಿ26 ಎಂದು ದಿನವೂ ಕರೆಯುವ ಗುರುತುಗಳು ವಾಸ್ತವವಾಗಿ ಹೊರಮೈಯಲ್ಲಿ ಕೂತ ಪೆಪ್ಟಿಡೇಸ್ ಕಿಣ್ವಗಳೇ. ಅವುಗಳಿಗೆ ರಂಧ್ರದ ಅಗತ್ಯವೇ ಇಲ್ಲ.

ವರದಿ ಬರೆಯುವಾಗ ಧನಾತ್ಮಕ, ಋಣಾತ್ಮಕ ಎಂಬ ಒಂಟಿ ಪದ ಸಾಲದು. ಯುರೋಪಿನ ಹಳೆಯ ಅಂಕ ಪದ್ಧತಿಯಲ್ಲಿ ಶೇ 10ರಷ್ಟು ಬ್ಲಾಸ್ಟ್‌ಗಳು ಬೆಳಗಿದರೆ ಸಾಕಿತ್ತು. ಮಿಶ್ರ ವಂಶದ ಲ್ಯೂಕೇಮಿಯದಲ್ಲಿ ಮೈಲಾಯ್ಡ್ ವಂಶವನ್ನು ಒಪ್ಪಲು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣವು ಬ್ಲಾಸ್ಟ್‌ಗಳ ಒಂದು ಭಾಗವಾದರೂ ಪಕ್ವ ನ್ಯೂಟ್ರೋಫಿಲ್‌ನ ಅರ್ಧಕ್ಕಿಂತ ಹೆಚ್ಚು ಹೊಳೆಯಬೇಕೆನ್ನುತ್ತದೆ. ಹಾಗಾಗಿ ಎಷ್ಟು ಶೇಕಡಾ ಬ್ಲಾಸ್ಟ್‌ಗಳು, ನ್ಯೂಟ್ರೋಫಿಲ್‌ಗೆ ಹೋಲಿಸಿದರೆ ಎಷ್ಟು ಹೊಳಪು, ಲಿಂಫೋಸೈಟ್‌ಗಳು ಎಲ್ಲಿ ನಿಂತಿದ್ದವು, ಮಾದರಿ ಎಷ್ಟು ಗಂಟೆ ಹಳೆಯದು ಎಂಬ ನಾಲ್ಕನ್ನೂ ಬರೆಯಬೇಕು. ಕನಿಷ್ಠ ಪಕ್ವತೆಯ ಮೈಲಾಯ್ಡ್ ಲ್ಯೂಕೇಮಿಯದಲ್ಲೂ ಮಾನೋಬ್ಲಾಸ್ಟ್‌ಗಳಲ್ಲೂ ಈ ಕಿಣ್ವ ಕಾಣದಿರಬಹುದಾದ್ದರಿಂದ, ಅದು ಸಿಗದಿದ್ದಾಗ ಮೈಲಾಯ್ಡ್ ಅಲ್ಲ ಎಂದು ಬರೆಯದೆ, ಕಿಣ್ವ ಪತ್ತೆಯಾಗಲಿಲ್ಲ ಎಂದಷ್ಟೇ ಬರೆದು ಉಳಿದ ಗುರುತುಗಳತ್ತ ವೈದ್ಯರ ಗಮನ ಸೆಳೆಯಬೇಕು.