ಅಪ್ಡೇಟ್ ಆದ್ರೂ ನಮ್ಮ ಪಂಪ್ ಕೋಡ್ ಉಳಿಯೋ ಹಾಗೆ ಮಾಡಿದ್ದು

ಕೊಡಗಲ್ಲಿ ಫೆಬ್ರವರಿ-ಮಾರ್ಚಲ್ಲಿ ಹೂಮಳೆ ಬರ್ಲಿಲ್ಲ ಅಂದ್ರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರಲ್ಲಿ ನೀರು ಹೊಡೀಲೇಬೇಕು, ನಮ್ಮ ತೋಟದ ಪಂಪ್ ಹೋಮ್ ಅಸಿಸ್ಟೆಂಟ್ ಅನ್ನೋ ಆಟೊಮೇಷನ್ ಸಾಫ್ಟ್‌ವೇರಿಂದ ಓಡೋದು. ಕರೆಂಟ್ ಹೋಗಿ ಬಂದ್ಮೇಲೆ ಸ್ವಲ್ಪ ಕಾದು ಪಂಪ್ ಪ್ಯಾನೆಲ್‌ಗೆ ಕನೆಕ್ಟ್ ಆಗ್ಲಿ ಅಂತ ಆ ಸಾಫ್ಟ್‌ವೇರಿನ ಮಾಡ್‌ಬಸ್ ಕೋಡ್ (ಪ್ಯಾನೆಲ್ ಜೊತೆ ಮಾತಾಡೋ ಭಾಗ) ತಿದ್ದಿದ್ದೆ, ಆದ್ರೆ ಅಪ್ಡೇಟ್ ಮಾಡಿದಾಗೆಲ್ಲ ಹೊಸ ಕಂಟೇನರ್ (ಸಾಫ್ಟ್‌ವೇರಿನ ಪೂರ್ತಿ ಪ್ಯಾಕೇಜ್) ಬಂದು ನಾನು ತಿದ್ದಿದ್ದು ಹೋಗ್ಬಿಡ್ತಿತ್ತು.

ಈಗ ಗಿಟ್‌ಹಬ್ಬಲ್ಲಿ ಹೋಮ್ ಅಸಿಸ್ಟೆಂಟ್ ಕೋಡನ್ನ ಫೋರ್ಕ್ ಮಾಡಿ (ನನ್ನದೇ ಕಾಪಿ ಮಾಡ್ಕೊಂಡು) ನನ್ನ ಬದಲಾವಣೆನ ಬೇರೆ ಬ್ರಾಂಚಲ್ಲಿ ಇಟ್ಟಿದೀನಿ, ಆ ಮಾಡ್‌ಬಸ್ ಫೋಲ್ಡರ್ ಮಾತ್ರ ಕಾನ್ಫಿಗ್ ಒಳಗಿನ ಕಸ್ಟಮ್ ಕಾಂಪೊನೆಂಟ್ಸ್‌ಗೆ ಕಾಪಿ, ಅದೇ ಹೆಸರಲ್ಲಿದ್ರೆ ಮೂಲದ್ದನ್ನ ಬಿಟ್ಟು ಇದನ್ನೇ ಲೋಡ್ ಮಾಡುತ್ತೆ. ಆ ಫೋಲ್ಡರಿನ ಮ್ಯಾನಿಫೆಸ್ಟ್ ಫೈಲಲ್ಲಿ ವರ್ಷನ್ ಸಾಲು ಸೇರಿಸ್ಲೇಬೇಕು, ಇಲ್ಲಾಂದ್ರೆ ಲೋಡೇ ಆಗಲ್ಲ! ಹೊಸ ರಿಲೀಸ್ ಬಂದಾಗ ಗಿಟ್ ಫೆಚ್ (ಹೊಸ ಕೋಡ್ ತರೋದು), ಆಮೇಲೆ ಆ ರಿಲೀಸಿನ ಟ್ಯಾಗ್ ಮೇಲೆ ರೀಬೇಸ್ (ನನ್ನ ಬದಲಾವಣೆನ ಹೊಸ ಕೋಡ್ ಮೇಲೆ ಕೂರಿಸೋದು), ಎರಡೂ ಕಡೆ ಅದೇ ಸಾಲು ಬದಲಾಗಿ ಕಾನ್‌ಫ್ಲಿಕ್ಟ್ ಬಂದ್ರೆ ಆ ಸಾಲುಗಳನ್ನ ನಿಧಾನಕ್ಕೆ ಓದಿ ಸರಿ ಮಾಡಿ ಮತ್ತೆ ಕಾಪಿ. ಕಾನ್ಫಿಗನ್ನೂ ಗಿಟ್ಟಲ್ಲಿ ಇಡೋರು ಸೀಕ್ರೆಟ್ಸ್ ಫೈಲನ್ನ ಗಿಟ್‌ಇಗ್ನೋರಲ್ಲಿ (ಗಿಟ್ ಸೇರಿಸದ ಫೈಲ್‌ಗಳ ಪಟ್ಟಿ) ಹಾಕಿ, ಪಾಸ್‌ವರ್ಡ್ ಇಡೋದು ಆ ಸೀಕ್ರೆಟ್ಸ್ ಫೈಲಲ್ಲಿ.