ತೀರ್ಪಿಗೆ ಮೊದಲು ನಿಲುವು: ಕಾಲೇಜು ಕ್ರಿಕೆಟ್ ಅಂಪೈರ್ ಎಲ್ಲಿ, ಹೇಗೆ ನಿಲ್ಲಬೇಕು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳಲ್ಲಿ ನಡೆಯುವ ಅಂತರ ಕಾಲೇಜು ಕ್ರಿಕೆಟ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುವವರು ಹೆಚ್ಚಾಗಿ ದೈಹಿಕ ಶಿಕ್ಷಣ ನಿರ್ದೇಶಕರು, ಇಲ್ಲವೇ ಆಟ ಬಿಟ್ಟ ಮೇಲೂ ಮೈದಾನ ಬಿಡಲಾಗದ ಹಳೆಯ ಆಟಗಾರರು. ಇಲ್ಲಿ ಮರುಪರಿಶೀಲನೆಗೆ ಕ್ಯಾಮೆರಾ ಇರುವುದಿಲ್ಲ. ಇಬ್ಬರ ನಾಲ್ಕು ಕಣ್ಣುಗಳು ಕಂಡದ್ದೇ ಕೊನೆಯ ಮಾತು. ಬಹಳ ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ತಪ್ಪು ತೀರ್ಪುಗಳಲ್ಲಿ ಹೆಚ್ಚಿನವು ನಿಯಮ ತಿಳಿಯದೆ ಬಂದವಲ್ಲ, ನಿಲ್ಲಬಾರದ ಜಾಗದಲ್ಲಿ ನಿಂತು ನೋಡಿದ್ದರಿಂದ ಬಂದವು. ಆದ್ದರಿಂದ ಈ ಬರಹದಲ್ಲಿ ನಿಯಮಗಳಿಗಿಂತ ಕಾಲು, ಕುತ್ತಿಗೆ ಮತ್ತು ಕಣ್ಣಿನ ಕೆಲಸವನ್ನೇ ಹೆಚ್ಚಾಗಿ ಹೇಳಿದ್ದೇನೆ.

ಪಂದ್ಯಕ್ಕೆ ಮುಕ್ಕಾಲು ಗಂಟೆ ಮೊದಲೇ ಮೈದಾನದಲ್ಲಿರಬೇಕು, ಕೈಯಲ್ಲಿ ಅಳತೆಯ ಟೇಪು ಇರಬೇಕು. ನಮ್ಮ ಅನೇಕ ಕಾಲೇಜುಗಳಲ್ಲಿ ಆಟ ನಡೆಯುವುದು ತೆಂಗಿನ ನಾರಿನ ಮ್ಯಾಟಿನ ಮೇಲೆ. ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 66 ಅಡಿ. ಸ್ಟಂಪಿನ ಸಾಲಿನಿಂದ ಪಾಪಿಂಗ್ ಕ್ರೀಸ್‌ಗೆ, ಅಂದರೆ ಸ್ಟಂಪಿನ ಮುಂದೆ ಅಡ್ಡಲಾಗಿ ಎಳೆದ ಗೆರೆಗೆ, 4 ಅಡಿ. ನಿಯಮವು ಮ್ಯಾಟಿಗೆ ಒಪ್ಪುವ ಕನಿಷ್ಠ ಉದ್ದ 58 ಅಡಿ, ಅಗಲ 6 ಅಡಿ. ಈ ಲೆಕ್ಕವನ್ನು ಗಮನಿಸಿದರೆ 58 ಅಡಿಯ ಮ್ಯಾಟು ಒಂದು ಪಾಪಿಂಗ್ ಕ್ರೀಸ್‌ನಿಂದ ಇನ್ನೊಂದಕ್ಕೆ ಸರಿಯಾಗಿ ಮುಗಿಯುತ್ತದೆ ಎಂಬುದು ತಿಳಿಯುತ್ತದೆ. ಬೌಲರನ ಮುಂಗಾಲು ಬೀಳುವುದು ಮ್ಯಾಟಿನ ಅಂಚಿನಲ್ಲೇ, ಸುಣ್ಣದ ಗೆರೆ ಇರುವುದು ಕೆಂಪು ಮಣ್ಣಿನ ಮೇಲೆ. ಹತ್ತು ಓವರು ಕಳೆಯುವಷ್ಟರಲ್ಲಿ ಆ ಗೆರೆ ಬೂಟಿನ ತುಳಿತಕ್ಕೆ ಅಳಿಸಿಹೋಗುತ್ತದೆ. ಉದ್ದನೆಯ ಮ್ಯಾಟಾದರೆ ಬೇರೆ ತೊಂದರೆ: ಅಂಚಿನ ಮೊಳೆಗಳು ಸಡಿಲವಾಗಿ ಮ್ಯಾಟು ಮೂರು ನಾಲ್ಕು ಇಂಚು ಸರಿದರೆ ಅದರ ಮೇಲೆ ಬಳಿದ ಗೆರೆಯೂ ಜೊತೆಯಲ್ಲೇ ಸರಿಯುತ್ತದೆ, ಸ್ಟಂಪು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಆಟಕ್ಕೆ ಮೊದಲು ಮಾತ್ರವಲ್ಲ, ಪ್ರತಿ ವಿರಾಮದಲ್ಲಿಯೂ ಆ 4 ಅಡಿಯನ್ನು ಮತ್ತೆ ಅಳೆದು, ಬೇಕಾದಲ್ಲಿ ಮ್ಯಾಟನ್ನು ಎಳೆಸಿ ಮೊಳೆ ಬಿಗಿಸಿ, ಸುಣ್ಣ ಹಾಕಿಸಬೇಕು.

ಟಾಸಿಗೆ ಮೊದಲೇ ಇಬ್ಬರು ನಾಯಕರನ್ನೂ ಕರೆದುಕೊಂಡು ಬೌಂಡರಿಯ ಸುತ್ತ ಒಂದು ಸುತ್ತು ಹಾಕುವುದು ಮಲೆನಾಡಿನಲ್ಲಿ ತೀರಾ ಅಗತ್ಯ. ಒಂದು ಮೂಲೆಯಲ್ಲಿ ಹಲಸಿನ ಮರದ ಕೊಂಬೆ ಮೈದಾನದೊಳಗೆ ಚಾಚಿರುತ್ತದೆ, ಇನ್ನೊಂದು ಕಡೆ ಅಡಿಕೆ ತೋಟದ ಬೇಲಿ ಒಳಕ್ಕೆ ಬಾಗಿರುತ್ತದೆ. ಆಟದ ಆವರಣದೊಳಗಿನ ಅಡ್ಡಿಯನ್ನು ಬೌಂಡರಿ ಎಂದು ಪರಿಗಣಿಸಬೇಕಾದರೆ ಅಂಪೈರ್‌ಗಳು ಟಾಸಿಗೆ ಮೊದಲೇ ನಿರ್ಧರಿಸಿ ಹೇಳಿರಬೇಕು. ಚೆಂಡು ಕೊಂಬೆಗೆ ಬಡಿದ ಮೇಲೆ ಚರ್ಚೆಗೆ ಅವಕಾಶವಿಲ್ಲ.

ಎಸೆತ ಎಣಿಸಲು ಕೌಂಟರ್ ಇಲ್ಲದಿದ್ದರೆ ಆರು ಚಾಲಿ ಅಡಿಕೆ ಸಾಕು. ಎಡ ಜೇಬಿನಿಂದ ಬಲ ಜೇಬಿಗೆ ಒಂದೊಂದಾಗಿ ದಾಟಿಸುತ್ತಾ ಹೋದರೆ ಬೆರಳಿಗೇ ಲೆಕ್ಕ ಗೊತ್ತಾಗುತ್ತದೆ, ಕಣ್ಣು ಕೆಳಗಿಳಿಯಬೇಕಾಗಿಲ್ಲ.

ಬೌಲರನ ತುದಿಯಲ್ಲಿ ನಿಲ್ಲುವಾಗ ನಡು ಸ್ಟಂಪುಗಳೆರಡೂ ಒಂದರ ಹಿಂದೊಂದು ಸೇರಿ ಕಾಣುವ ಸಾಲಿನಲ್ಲಿ ನಿಲ್ಲಬೇಕು. ಸ್ಟಂಪಿನಿಂದ ಎಷ್ಟು ಹಿಂದೆ ಎಂಬುದಕ್ಕೆ ಒಂದೇ ಅಳತೆಯಿಲ್ಲ. ಎರಡು ದೊಡ್ಡ ಹೆಜ್ಜೆಯಿಂದ ಆರಂಭಿಸಿ, ಆ ಬೌಲರನ ಮುಂಗಾಲು ಬೀಳುವುದನ್ನು ತಲೆ ಬಗ್ಗಿಸದೆ, ಕಣ್ಣನ್ನಷ್ಟೇ ಇಳಿಸಿ ನೋಡಲು ಆಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ತಲೆಯನ್ನೇ ಕೆಳಗೆ ಮಾಡಿದರೆ ಅದನ್ನು ಮೇಲೆತ್ತುವಷ್ಟರಲ್ಲಿ ಚೆಂಡು ಅರ್ಧ ದಾರಿ ಸಾಗಿರುತ್ತದೆ, ಅದು ಪಿಚ್ಚಾದ, ಅಂದರೆ ನೆಲಕ್ಕೆ ಬಿದ್ದು ಪುಟಿದ, ಜಾಗ ಕೈತಪ್ಪುತ್ತದೆ. ಸ್ಟಂಪಿಗೆ ಅಂಟಿಕೊಂಡು ನಿಂತರೆ ಗೆರೆ ಚೆನ್ನಾಗಿ ಕಾಣುತ್ತದೆ, ಆದರೆ ಗೆರೆಯಿಂದ ಬ್ಯಾಟರ್ ಕಡೆಗೆ ದೃಷ್ಟಿ ಎತ್ತಲು ಹೆಚ್ಚು ಹೊತ್ತು ಬೇಕಾಗುತ್ತದೆ. ಹಿಂದೆ ನಿಂತಷ್ಟೂ ಆ ಹೊತ್ತು ಕಡಿಮೆಯಾಗುತ್ತದೆ. ಸ್ಟಂಪಿಗೆ ಉಜ್ಜಿಕೊಂಡಂತೆ ಓಡಿಬರುವ ಬೌಲರ್ ನೋಟಕ್ಕೆ ಅಡ್ಡವಾದರೆ ಅರ್ಧ ಹೆಜ್ಜೆ ಸರಿಯಬಹುದು, ಆದರೆ ಅವನ ಓಟಕ್ಕೂ ಬ್ಯಾಟರನ ನೋಟಕ್ಕೂ ಅಡ್ಡಿಯಾಗಬಾರದು. ಹೊಸ ಬೌಲರ್ ಬಂದಾಗ ಯಾವ ಕೈ, ವಿಕೆಟಿನ ಯಾವ ಕಡೆ ಎಂದು ಕೇಳಿ, ಬ್ಯಾಟರನಿಗೆ ತಿಳಿಸಿದ ಮೇಲೆಯೇ ಆಟ ಬಿಡಬೇಕು.

ಎಲ್‌ಬಿಡಬ್ಲ್ಯು, ಅಂದರೆ ಸ್ಟಂಪಿಗೆ ಹೋಗುವ ಚೆಂಡಿಗೆ ಬ್ಯಾಟರನ ಕಾಲು ಅಡ್ಡಬಂದಾಗಿನ ತೀರ್ಪಿಗೆ ತಲೆ ಅಲುಗದಿರುವುದೇ ಅರ್ಧ ಬಲ. ಉಳಿದರ್ಧ, ಪ್ರಶ್ನೆಗಳನ್ನು ಕ್ರಮ ತಪ್ಪದೆ ಕೇಳಿಕೊಳ್ಳುವುದು: ನೋಬಾಲ್ ಆಗಿತ್ತೇ, ಲೆಗ್ ಸ್ಟಂಪಿನ ಹೊರಗೆ ಪಿಚ್ಚಾಯಿತೇ, ಮೊದಲು ಬ್ಯಾಟಿಗೆ ತಗುಲಿತೇ, ಪ್ಯಾಡಿಗೆ ಬಡಿದದ್ದು ಸಾಲಿನೊಳಗೇ, ಆಫ್ ಸ್ಟಂಪಿನ ಹೊರಗೆ ಬಡಿದಿದ್ದರೆ ಬ್ಯಾಟರ್ ಆಡುವ ನಿಜವಾದ ಪ್ರಯತ್ನ ಮಾಡಿದ್ದನೇ, ಕೊನೆಗೆ ಸ್ಟಂಪಿಗೆ ಬಡಿಯುತ್ತಿತ್ತೇ. ಮ್ಯಾಟಿನ ಮೇಲೆ ಈ ಕೊನೆಯ ಪ್ರಶ್ನೆಯೇ ಕಠಿಣ. ಸ್ಟಂಪಿನ ಎತ್ತರ ಕೇವಲ 28 ಇಂಚು. ನಾರಿನ ಮ್ಯಾಟಿನಿಂದ ಚೆಂಡು ಪುಟಿದು ಮೇಲೇಳುವುದರಿಂದ, ಮೊಣಕಾಲಿನ ಮೇಲ್ಭಾಗಕ್ಕೆ ಬಡಿದ ಚೆಂಡು ಟರ್ಫಿನಲ್ಲಿ ಬೇಲ್ಸ್ ಎಗರಿಸಬಹುದಾಗಿದ್ದರೂ ಇಲ್ಲಿ ಸ್ಟಂಪಿನ ಮೇಲಿಂದ ಹಾರಿಹೋಗುವ ಸಾಧ್ಯತೆಯೇ ಹೆಚ್ಚು. ಮೊದಲ ಎರಡು ಮೂರು ಓವರುಗಳಲ್ಲಿ ಬ್ಯಾಟರ್ ಬಿಟ್ಟ ಪ್ರತಿ ಚೆಂಡೂ ಕೀಪರನ ಕೈಗೆ ಯಾವ ಎತ್ತರದಲ್ಲಿ ಸೇರಿತೆಂದು ಗಮನಿಸಿಟ್ಟುಕೊಂಡರೆ, ಮುಂದೆ ಹನ್ನೊಂದು ಮಂದಿ ಒಟ್ಟಿಗೆ ಕೂಗಿದಾಗ ಆ ನೆನಪು ಕೈಹಿಡಿಯುತ್ತದೆ.

ಈಗ ರನ್ ಔಟ್. ಚೆಂಡು ಬ್ಯಾಟಿನಿಂದ ಹೊರಟ ಕೂಡಲೇ ಬೌಲರನ ತುದಿಯ ಅಂಪೈರ್ ಸ್ಟಂಪಿನ ಹಿಂದಿನಿಂದ ಹೊರಟು, ಸಾಮಾನ್ಯವಾಗಿ ಚೆಂಡು ಹೋದ ಕಡೆಗೇ ಓಡಿ, ಪಾಪಿಂಗ್ ಕ್ರೀಸ್‌ನ ನೇರಕ್ಕೆ, ಆಟಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ನಿಲ್ಲಬೇಕು. ಹೀಗೆ ನಿಂತರೆ ಎಸೆತ, ಗೆರೆ ಮತ್ತು ಸ್ಟಂಪು ಮೂರೂ ಕಣ್ಣಿನೆದುರಿಗೇ ಇರುತ್ತವೆ, ಚೆಂಡಿಗೆ ಬೆನ್ನು ಕೊಡಬೇಕಾಗುವುದಿಲ್ಲ. ಫೀಲ್ಡರ್ ತೀರ ಹತ್ತಿರದಲ್ಲಿದ್ದು ಎಸೆತದ ದಾರಿಗೆ ನೀವೇ ಅಡ್ಡವಾಗುವಂತಿದ್ದರೆ ಮಾತ್ರ ಎದುರು ಬದಿ. ಎಲ್ಲಿಗೆ ಹೋದರೂ ಬೇಲ್ಸ್ ಬೀಳುವ ಕ್ಷಣಕ್ಕೆ ಓಟ ನಿಂತಿರಬೇಕು; ಹತ್ತು ಗಜ ಓಡಿ ಅಲುಗಾಡುತ್ತಾ ನೋಡುವುದಕ್ಕಿಂತ ಆರು ಗಜದಲ್ಲೇ ನಿಂತು ನೋಡುವುದು ಮೇಲು.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಂದ. ಸಾಗರದ ಕಡೆಯ ಒಂದು ಪಂದ್ಯದಲ್ಲಿ ಬಲಗೈ ಬ್ಯಾಟರ್ ಚೆಂಡನ್ನು ಮಿಡ್ ಆಫ್‌ಗೆ ತಳ್ಳಿ ಒಂದು ರನ್ನಿಗೆ ಕರೆದ. ನಾನು ಅಭ್ಯಾಸಬಲದಿಂದ ಚೆಂಡಿಗೆ ಎದುರು ಬದಿಯಾದ ಆನ್ ಸೈಡಿಗೆ ಓಡಿದೆ. ಎಸೆತ ಹಿಡಿಯಲು ಬಂದ ಬೌಲರನ ಬೆನ್ನು ನನಗೂ ಸ್ಟಂಪಿಗೂ ನಡುವೆ ಬಂತು, ಬೇಲ್ಸ್ ಹಾರಿದಾಗ ನನ್ನ ಕಾಲು ಇನ್ನೂ ಓಡುತ್ತಲೇ ಇತ್ತು. ಬ್ಯಾಟು ತಲುಪಿದಂತೆ ಕಂಡಿತು, ನಾಟ್ ಔಟ್ ಎಂದೆ. ಇನಿಂಗ್ಸ್ ಮುಗಿದು ಹೊರಗೆ ಬರುವಾಗ ಅದೇ ಹುಡುಗ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, “ಸರ್, ನನ್ನ ಬ್ಯಾಟು ಗೆರೆ ಮೇಲೇ ಇತ್ತು” ಎಂದ. ಗೆರೆಯ ಮೇಲಿದ್ದರೆ ಔಟ್. ಬ್ಯಾಟಿನ ಅಥವಾ ದೇಹದ ಒಂದು ಭಾಗವಾದರೂ ಗೆರೆಯನ್ನು ದಾಟಿ ಹಿಂದಿನ ನೆಲ ಮುಟ್ಟಿರಬೇಕು. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು, ಗೆರೆ ಮಾತ್ರ ಕಂಡಿರಲಿಲ್ಲ.

ಸ್ಕ್ವೇರ್ ಲೆಗ್‌ನಲ್ಲಿ, ಅಂದರೆ ಬ್ಯಾಟರನ ಲೆಗ್ ಕಡೆಯ ಪಕ್ಕದಲ್ಲಿ, ನಿಲ್ಲುವುದು ವಿಶ್ರಾಂತಿಯ ಕೆಲಸವೆಂದು ಹೊಸಬರು ಭಾವಿಸುತ್ತಾರೆ. ಅಲ್ಲಿ ನಿಂತವರು ಪಾಪಿಂಗ್ ಕ್ರೀಸ್‌ನ ಗೆರೆ ತಮ್ಮಿಂದ ನೇರವಾಗಿ ಹೊರಟ ಒಂದೇ ಎಳೆಯಾಗಿ ಕಾಣುವ ಜಾಗವನ್ನು ಹುಡುಕಿಕೊಂಡು, ಸುಮಾರು ಪಿಚ್ಚಿನ ಉದ್ದದಷ್ಟು ದೂರದಲ್ಲಿ ನಿಲ್ಲಬೇಕು. ಸ್ಟಂಪಿಂಗ್, ಹಿಟ್ ವಿಕೆಟ್, ಆ ತುದಿಯ ರನ್ ಔಟ್ ಇವರ ಪಾಲಿನವು. ಕೀಪರನ ಗ್ಲೌಸ್ ಬೇಗ ಸ್ಟಂಪಿನ ಮುಂದೆ ಬಂದವೇ, ಲೆಗ್ ಕಡೆ ಪಾಪಿಂಗ್ ಕ್ರೀಸ್‌ನ ಹಿಂದೆ ಕೀಪರನನ್ನು ಬಿಟ್ಟು ಇಬ್ಬರಿಗಿಂತ ಹೆಚ್ಚು ಫೀಲ್ಡರ್‌ಗಳಿದ್ದಾರೆಯೇ ಎಂದು ನೋಡುವುದೂ ಇವರದೇ. ಪಿಚ್ಚುಗಳು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿರುವುದರಿಂದ ಸಂಜೆ ಪಡುವಣದ ಗುಡ್ಡದ ಮೇಲಿನ ಇಳಿಬಿಸಿಲು ನೇರವಾಗಿ ಕಣ್ಣಿಗೇ ಹೊಡೆಯುತ್ತದೆ. ಅಂಥ ಹೊತ್ತಿನಲ್ಲಿ ಫೀಲ್ಡಿಂಗ್ ನಾಯಕನಿಗೂ, ಬ್ಯಾಟರನಿಗೂ, ಜೊತೆಗಾರ ಅಂಪೈರ್‌ಗೂ ತಿಳಿಸಿ ಆಫ್ ಸೈಡಿಗೆ ದಾಟಿಕೊಳ್ಳಲು ಸಂಕೋಚ ಬೇಡ.

ಜೊತೆಗಾರನಿಗೆ ಹೆಚ್ಚು ಚೆನ್ನಾಗಿ ಕಂಡಿರಬಹುದು ಎನಿಸಿದರೆ ಹತ್ತಿರ ಹೋಗಿ ಕೇಳಬೇಕು. ಕೇಳುವುದರಿಂದ ಅಂಪೈರ್‌ನ ಗೌರವ ಕಡಿಮೆಯಾಗುವುದಿಲ್ಲ. ತಪ್ಪೆಂದು ತಿಳಿದ ತೀರ್ಪನ್ನು ತಕ್ಷಣ ಬದಲಿಸಲು ನಿಯಮವೇ ಅವಕಾಶ ಕೊಟ್ಟಿದೆ. ಫೀಲ್ಡಿಂಗ್ ನಾಯಕನೇ ಮನವಿಯನ್ನು ಹಿಂಪಡೆಯಲು ಬಂದರೆ ಅಂಪೈರ್‌ನ ಒಪ್ಪಿಗೆ ಬೇಕು, ಮತ್ತು ಆ ಒಪ್ಪಿಗೆಯನ್ನು ಮನಸಾರೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1980ರಲ್ಲಿ ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟಿಗೆ ನಾಯಕರಾಗಿದ್ದಾಗ, ಕ್ಯಾಚ್ ಔಟ್ ತೀರ್ಪು ಪಡೆದಿದ್ದ ಬಾಬ್ ಟೇಲರ್ ಅವರನ್ನು ಮತ್ತೆ ಆಡಲು ಕರೆಸಿದರು. ಭಾರತ ಆ ಪಂದ್ಯವನ್ನು ಸೋತಿತು, ಆದರೆ ಈ ಜಿಲ್ಲೆಯ ಹುಡುಗರಿಗೆ ಆ ಘಟನೆಯನ್ನು ನಾನು ಇಂದಿಗೂ ಹೇಳುತ್ತೇನೆ.

ಸೋನೆ ಮಳೆ ಬಂದಾಗ ನೆನೆಯುವ ಪ್ರಶ್ನೆಗಿಂತ ಕಾಲಿನ ಪ್ರಶ್ನೆ ಮುಖ್ಯ. ಬೌಲರ್ ಕಾಲೂರುವ ಮಣ್ಣು ಜಾರುತ್ತಿದ್ದರೆ ಆಟ ಅಪಾಯಕಾರಿಯೆಂದು ಇಬ್ಬರೂ ಸೇರಿ ನಿಲ್ಲಿಸಬೇಕು, ನಾಯಕರ ಒತ್ತಾಯಕ್ಕೆ ಮಣಿಯಬಾರದು.

ಈ ಎಲ್ಲವನ್ನೂ ಪಂದ್ಯದ ದಿನವೇ ಕಲಿಯಲಾಗದು. ವಾರದಲ್ಲಿ ಎರಡು ಸಂಜೆ ಕಾಲೇಜಿನ ನೆಟ್ಸಿಗೆ ಹೋಗಿ, ಬೌಲರನ ತುದಿಯ ಸ್ಟಂಪಿನ ಹಿಂದೆ ಅರ್ಧ ಗಂಟೆ ನಿಲ್ಲಬೇಕು. ಪ್ರತಿ ಎಸೆತಕ್ಕೂ ಮುಂಗಾಲು ಎಲ್ಲಿ ಬಿತ್ತು, ಚೆಂಡು ಎಲ್ಲಿ ಪಿಚ್ಚಾಯಿತು, ಯಾವ ಸ್ಟಂಪಿನ ಕಡೆಗೆ ಹೊರಟಿತು ಎಂದು ಕೆಳದನಿಯಲ್ಲಿ ಹೇಳಿಕೊಳ್ಳುತ್ತಾ, ಒಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿ ನಿಮ್ಮ ತಲೆ ಅಲುಗಿದಾಗಲೆಲ್ಲ ಎಚ್ಚರಿಸಲು ಹೇಳಬೇಕು.